ಗುಂಡುಸೂಜಿಯ ತಲೆಯ ಮೇಲೆ ನೀರು

ಜುಲೈ 2, ಮಂಗಳವಾರ

ಗೋಡೆಯ ಮಗಳಿಗೆ ಹೆರಿಗೆಯಾಯಿತು. ದಿನ ತುಂಬಲು ಇನ್ನೂ ಎರಡೂವರೆ ತಿಂಗಳಿತ್ತು. ಹೆಣ್ಣು ಮಗು, ಒಂದು ಕಿಲೋಗೂ ಕಡಿಮೆ. ಹೆರಿಗೆ ಕೋಣೆಯಿಂದ ನನ್ನ ವಾರ್ಡಿಗೆ ನಾನೇ ಎತ್ತಿಕೊಂಡು ಓಡಿದೆ. ಕೈಯಲ್ಲಿ ಮಗುವಿದೆ ಅನಿಸಲೇ ಇಲ್ಲ, ಬಿಸಿ ಟವೆಲ್ ಹಿಡಿದ ಹಾಗಿತ್ತು. ಇಷ್ಟು ವರ್ಷ ಇಂಥ ಮಕ್ಕಳನ್ನೇ ನೋಡಿಕೊಂಡಿರುವವಳು ನಾನು, ಆದರೂ ಮನೆಗೆ ಬಂದ ಮೇಲೂ ಅದೇ ಕಣ್ಣ ಮುಂದಿದೆ. ಅದಕ್ಕೇ ಬರೆಯಲು ಕುಳಿತೆ.

ಗೋಡೆ ಅಂದರೆ ಪಕ್ಕದ ಮನೆಯವಳು. ಎರಡು ಮನೆಗೂ ನಡುವೆ ಒಂದೇ ಗೋಡೆ. ಮದುವೆಯಾಗಿ ಬಂದ ಹೊಸದರಲ್ಲಿ ಉಪ್ಪು ಬೇಕೆಂದು ಗೋಡೆ ತಟ್ಟಿದ್ದಳು. ಅಂದಿನಿಂದ ಅವಳು ನನಗೆ ಗೋಡೆ, ನಾನು ಅವಳಿಗೆ ಗೋಡೆ. ಇಷ್ಟು ವಯಸ್ಸಾದ ಇಬ್ಬರು ಹೆಂಗಸರು ಬೀದಿಯಲ್ಲಿ "ಏ ಗೋಡೆ" ಎಂದು ಕೂಗಿಕೊಳ್ಳುವುದನ್ನು ಕೇಳಿ ನಗದವರಿಲ್ಲ. ಅವಳು ಬಟ್ಟೆ ಹೊಲಿಯುತ್ತಾಳೆ. ದರ್ಜಿ ಅಜ್ಜಿಯ ಮೊಮ್ಮಗಳು ಎಂದು ನನ್ನ ನರ್ಸುಗಳು ಆಗಲೇ ಮಗುವಿಗೆ ಗುಂಡುಸೂಜಿ ಎಂದು ಹೆಸರಿಟ್ಟಿದ್ದಾರೆ. ಸದಾ ಕೈ ತೊಳೆಯಿರಿ ಅನ್ನುತ್ತೇನೆಂದು ನನಗೂ ಒಂದು ಹೆಸರಿಟ್ಟಿದ್ದಾರೆ, ಸೋಪಮ್ಮ. ನನಗೆ ಗೊತ್ತಿಲ್ಲ ಅಂದುಕೊಂಡಿವೆ ಕಪಿಗಳು.

ಸಂಜೆ ಭಾಯಿ, ಅಂದರೆ ಗೋಡೆಯ ಗಂಡ, ಗಡಿಯಾರದ ಅಂಗಡಿ ಮುಚ್ಚಿ ನೇರ ವಾರ್ಡಿಗೆ ಬಂದರು. "ತಂಗಿ, ಮಗು ಕಿವೀಲಿ ಬಾಂಗು ಹೇಳ್ಬೇಕು. ಒಂದು ಗಳಿಗೆ ಸಾಕು." ಹುಟ್ಟಿದ ಮಗುವಿನ ಕಿವಿಗೆ ಮೊದಲು ದೇವರ ಹೆಸರು ಬೀಳಬೇಕೆಂದು ಅವರಲ್ಲಿ ನಂಬಿಕೆ. ನಾನು ಬಾಗಿಲ ಮೇಲಿನ ಬೋರ್ಡು ತೋರಿಸಿದೆ. ತಂದೆ ತಾಯಿ ಬಿಟ್ಟು ಬೇರೆ ಯಾರಿಗೂ ಪ್ರವೇಶವಿಲ್ಲ. ತಾಯಿಗೆ ಬಿ.ಪಿ. ಏರಿ ಹಾಸಿಗೆ ಬಿಟ್ಟು ಏಳುವಂತಿಲ್ಲ, ತಂದೆ ಲಾರಿ ತೆಗೆದುಕೊಂಡು ಯಾವುದೋ ಊರಿನಲ್ಲಿದ್ದಾನೆ. "ರೂಲ್ಸು ಭಾಯಿ. ನಮ್ಮ ಬಿಷಪ್ಪರೇ ಬಂದ್ರೂ ಒಳಗೆ ಬಿಡಲ್ಲ" ಎಂದೆ. ಅವರು ತಲೆಯಾಡಿಸಿ ಗಾಜಿನ ಹೊರಗೇ ನಿಂತರು. ತುಟಿ ಅಲುಗುತ್ತಿತ್ತು.

ಅವರ ದೇವರು ಅವರ ಮಗುವನ್ನು ಕಾಯಲಿ. ನಮ್ಮ ದೇವರ ಹತ್ತಿರ ನಾನೂ ಕೇಳಿಕೊಳ್ಳುತ್ತೇನೆ. ಇಬ್ಬರಲ್ಲಿ ಯಾರಿಗಾದರೂ ಒಬ್ಬರಿಗೆ ಬಿಡುವಿದ್ದರೆ ಸಾಕು.

ಜುಲೈ 4, ಗುರುವಾರ

ಗುಂಡುಸೂಜಿ ಉಸಿರಾಡುವುದನ್ನು ಮಧ್ಯೆ ಮಧ್ಯೆ ಮರೆಯುತ್ತಾಳೆ. ಅಂಗಾಲನ್ನು ಬೆರಳಿನಿಂದ ಕೆರೆದರೆ ಮತ್ತೆ ನೆನಪಾಗುತ್ತದೆ. ಡಾಕ್ಟರ್ ಮೇಡಂ ಏನನ್ನೂ ಬಿಡಿಸಿ ಹೇಳುತ್ತಿಲ್ಲ. ಅವರು ಹಾಗೆ ಸುಮ್ಮನಿದ್ದರೆ ಏನರ್ಥ ಎಂದು ನನಗೆ ಗೊತ್ತು.

ಗೋಡೆ ಹೊರಗಿನ ಬೆಂಚಿನಲ್ಲಿ ಕುಳಿತು ಪಿಸುದನಿಯಲ್ಲಿ ಏನೋ ಓದುತ್ತಿದ್ದಳು. ಹೆರಿಗೆಯ ಹೊತ್ತಿನಲ್ಲೂ ಮಗಳ ತಲೆಯ ಹತ್ತಿರ ಅದನ್ನೇ ಓದುತ್ತಿದ್ದದ್ದು ನೆನಪಾಯಿತು. ಏನದು ಎಂದೆ.

"ಕುರಾನಿನಲ್ಲಿ ಮರ್ಯಮ್ಮನವರ ಅಧ್ಯಾಯ ಕಣೆ. ಹೆರಿಗೆ ಟೈಮಲ್ಲಿ ನಾವು ಇದನ್ನೇ ಓದೋದು."

"ಯಾವ ಮರ್ಯಮ್?"

"ಇನ್ಯಾವ ಮರ್ಯಮ್? ಈಸಾ ಅವರ ತಾಯಿ. ನಿಮ್ಮ ಯೇಸು ತಾಯಿ."

ನಾನು ಬೆಪ್ಪಾಗಿ ನಿಂತೆ. ಇಷ್ಟು ವರ್ಷ ಒಂದೇ ಗೋಡೆಗೆ ಒರಗಿ ಕುಳಿತಿದ್ದೇವೆ, ಅತ್ತ ಅವಳು ಓದುವುದರಲ್ಲಿ ನಮ್ಮ ಮಾತೆ ಇದ್ದಾರೆಂದು ನನಗೆ ಗೊತ್ತೇ ಇರಲಿಲ್ಲ! "ನಮ್ಮ ಮಾತೆ ನಿಮ್ಮ ಗ್ರಂಥದಲ್ಲಿ ಇದ್ದಾರಾ?" ಎಂದೆ. "ನಿಮ್ಮ ಮಾತೆ ಅಂತ ಬೀರುಗೆ ಹಾಕಿ ಬೀಗ ಹಾಕಿದ್ದೀರೇನು?" ಎಂದಳು.

ಆಮೇಲೆ ಕತೆ ಹೇಳಿದಳು. ಮರ್ಯಮ್ ಒಬ್ಬಳೇ ದೂರ ಹೋಗುತ್ತಾಳೆ. ನೋವು ಅವಳನ್ನು ಖರ್ಜೂರದ ಮರದ ಬುಡಕ್ಕೆ ತಳ್ಳುತ್ತದೆ. ಇದಕ್ಕಿಂತ ಮುಂಚೆಯೇ ನಾನು ಸತ್ತುಹೋಗಬಾರದಿತ್ತೇ ಎಂದು ಅಳುತ್ತಾಳೆ. ಆಗ ಕೆಳಗಿನಿಂದ ಒಂದು ದನಿ, ದುಃಖಪಡಬೇಡ, ನಿನ್ನ ಕಾಲ ಬಳಿ ತೊರೆ ಇದೆ, ಮರ ಅಲುಗಿಸು, ತಿನ್ನು, ಕುಡಿ ಅನ್ನುತ್ತದೆ.

ಮಾತೆ ಹಾಗೆ ಅಳುವುದೇ? ನಮ್ಮ ಪೀಠದ ಮೇಲಿನ ಮಾತೆಯ ಸೆರಗಿನಲ್ಲಿ ಒಂದು ಮಡಿಕೆ ಕೂಡ ಕೆಟ್ಟಿಲ್ಲ. ಮಗು ಅಂಚೆಯಲ್ಲಿ ಬಂದ ಹಾಗೆ ಕೈಯಲ್ಲಿ ಕುಳಿತಿದೆ. ಆಕೆಗೆ ಹೆರಿಗೆ ನೋವೇ ಇರಲಿಲ್ಲ ಎಂದು ಅಮ್ಮ ನನಗೆ ಚಿಕ್ಕಂದಿನಲ್ಲೇ ಕಲಿಸಿದ್ದಾಳೆ. ಆದರೆ ಹೆರಿಗೆ ಹೇಗಿರುತ್ತದೆಂದು ನಾನು ದಿನಾ ನೋಡುತ್ತೇನೆ. ಸತ್ತುಹೋಗಬಾರದಿತ್ತೇ ಎಂದು ಕೂಗದ ಹೆಂಗಸನ್ನು ನಾನಿನ್ನೂ ಕಂಡಿಲ್ಲ. ಹೀಗೆ ಯೋಚಿಸುವುದು ಪಾಪವೋ ಏನೋ, ಆದರೂ ಆ ಮರದ ಕೆಳಗಿನ ಹುಡುಗಿಯ ಹತ್ತಿರ ಓಡಿಹೋಗಿ ಬೆನ್ನು ಸವರಬೇಕು ಅನಿಸಿತು.

"ಆದ್ರೆ ಹುಟ್ಟಿದ್ದು ದೇವರ ಮಗ ಅಲ್ಲ, ಪ್ರವಾದಿ" ಎಂದು ಕೊನೆಗೆ ಸೇರಿಸಿದಳು. ಅಲ್ಲಿಗೆ ತಂದು ಕೈಕೊಟ್ಟಳು. ಇಬ್ಬರೂ ಮುಖ ಸಿಂಡರಿಸಿಕೊಂಡೇ ಚಹಾ ಕುಡಿಯಲು ಹೋದೆವು.

ಜುಲೈ 5, ಶುಕ್ರವಾರ

ಹೇಗೆ ಬರೆಯಲಿ.

ಅಮ್ಮ ಬೆಳಿಗ್ಗೆಯಿಂದ ಹಠ ಹಿಡಿದಿದ್ದಳು, ಗೋಡೆಯ ಮೊಮ್ಮಗಳನ್ನು ನೋಡಬೇಕೆಂದು. ಅಮ್ಮ ಇದೇ ಆಸ್ಪತ್ರೆಯಲ್ಲಿ ನಿವೃತ್ತಿಯವರೆಗೂ ಹೆರಿಗೆ ಮಾಡಿಸಿದವಳು. ಅರ್ಧ ಊರು ಅವಳ ಕೈಗೇ ಹುಟ್ಟಿದೆ. ಕರೆದುಕೊಂಡು ಹೋದೆ. ಗೌನು ತೊಡಿಸಿದೆ, ಕೈ ತೊಳೆಸಿದೆ, ಇನ್‌ಕ್ಯುಬೇಟರಿನ ಪಕ್ಕ ಸ್ಟೂಲು ಹಾಕಿ ಕೂರಿಸಿದೆ. ಅಮ್ಮ ಮಗುವನ್ನು ನೋಡಿದ ನೋಟದಲ್ಲೇ ಗೊತ್ತಾಯಿತು, ಇದು ಉಳಿಯುವುದಿಲ್ಲ ಎಂದು ಅವಳು ತೀರ್ಮಾನಿಸಿದ್ದಾಳೆ. ಪಕ್ಕದ ಮಗುವಿನ ಡ್ರಿಪ್ ಸರಿಮಾಡಲು ನಾನು ಆಚೆ ತಿರುಗಿದೆ.

ಮತ್ತೆ ಈಚೆ ತಿರುಗಿದಾಗ ಅಮ್ಮನ ಕೈ ಪೆಟ್ಟಿಗೆಯ ಕಿಂಡಿಯೊಳಗಿತ್ತು. ಬೆರಳುಗಳ ನಡುವೆ ಚಿಕ್ಕ ಸೀಸೆ. ಅವಳ ಕೈಚೀಲದಲ್ಲಿ ಸದಾ ಇರುವ ಆ ಸೀಸೆಯಲ್ಲಿ ಕಣ್ಣಿನ ಔಷಧಿ ಇದೆ ಎಂದುಕೊಂಡಿದ್ದೆ ಇಷ್ಟು ವರ್ಷ! ಗುಂಡುಸೂಜಿಯ ತಲೆಯ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಅಮ್ಮ ಸ್ಪಷ್ಟವಾಗಿ, ಆತುರವಿಲ್ಲದೆ, ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ಎಂದು ಮುಗಿಸುತ್ತಿದ್ದಳು.

ನನ್ನ ಬಾಯಿಂದ "ಆಮೆನ್" ಎಂದು ಬಂತು. ಅಭ್ಯಾಸಬಲ. ಯಾರಾದರೂ ಆ ಮಾತು ಹೇಳಿದರೆ ಬಾಯಿ ತಾನಾಗಿ ಮುಚ್ಚಳ ಹಾಕುತ್ತದೆ. ಅಷ್ಟೇ, ಬೇರೇನೂ ಅಲ್ಲ.

ಅಷ್ಟರಲ್ಲಿ ದೀಕ್ಷಾಸ್ನಾನ ಮುಗಿದಿತ್ತು, ಮಗುವನ್ನು ಕ್ರೈಸ್ತಳನ್ನಾಗಿ ಮಾಡುವ ನೀರು ಬಿದ್ದಾಗಿತ್ತು. ಹತ್ತಿ ತೆಗೆದು ಮಗುವಿನ ತಲೆ ಒರೆಸಿದೆ. ಅಮ್ಮ ಏನೂ ಆಗದವಳಂತೆ ಗೌನಿನ ದಾರ ಬಿಚ್ಚುತ್ತಿದ್ದಳು. ಗಾಜಿನ ಹೊರಗೆ ಬೆಂಚಿನ ಮೇಲೆ ಗೋಡೆ ಕುಳಿತೇ ಇದ್ದಳು. ನಮ್ಮನ್ನು ನೋಡಿ ಕೈ ಎತ್ತಿ ನಕ್ಕಳು. ನಾನೂ ನಕ್ಕೆ. ಆ ನಗು ಹೇಗೆ ಬಂತೋ ದೇವರೇ ಬಲ್ಲ.

ಜುಲೈ 6, ಶನಿವಾರ

ಅಮ್ಮನನ್ನು ಕೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು.

"ಸಾಯೋ ಕೂಸು ಕಣೇ ಅದು. ಸ್ವರ್ಗದ ಬಾಗಿಲು ತೆಗೆದುಕೊಟ್ಟೆ, ಅಷ್ಟೇ."

"ಬೇರೆಯವರ ಮಗು ಅಮ್ಮಾ ಅದು!"

"ಅದಕ್ಕೇ ನಾನು ಕೊಡ್ಬೇಕಾಯ್ತು. ಅವರು ಕೊಡ್ತಿದ್ರಾ?"

"ಇದಕ್ಕೆ ಮುಂಚೆ ಯಾರಿಗಾದ್ರೂ ಮಾಡಿದ್ದೀಯಾ?"

"ಉಳಿಯಲ್ಲ ಅನಿಸಿದ್ದಕ್ಕೆಲ್ಲ ಮಾಡಿದ್ದೀನಿ. ಯಾರ ಮಗು ಅಂತ ನೋಡ್ತಾ ಕೂತಿರಲಿಲ್ಲ." ಒಂದು ದಂಟು ಮುರಿದು ತಟ್ಟೆಗೆ ಹಾಕಿದಳು. "ಅದ್ರಲ್ಲಿ ಕೆಲವು ಬದುಕಿಬಿಟ್ವು" ಎಂದು ಸಂತೋಷದಿಂದ ಸೇರಿಸಿದಳು.

ನನಗೆ ನಗು ಬಂತು. ಈ ಊರಿನಲ್ಲಿ ಯಾವುದೋ ಗುಡಿಯ, ಯಾವುದೋ ಮಸೀದಿಯ ಮೆಟ್ಟಿಲು ಹತ್ತುತ್ತಿರುವವರ ತಲೆಯ ಮೇಲೆ ನಮ್ಮಮ್ಮನ ನೀರು! ಮರುಗಳಿಗೆಯೇ ನಕ್ಕದ್ದಕ್ಕೆ ನಾಚಿ ಎದ್ದುಹೋದೆ.

ಜುಲೈ 7, ಭಾನುವಾರ

ಇಗರ್ಜಿಯಲ್ಲಿ ಬಲಿಪೂಜೆಯ ನಂತರ ಮಕ್ಕಳಿಗೆ ಧರ್ಮೋಪದೇಶದ ತರಗತಿ. ಈ ತಿಂಗಳ ಪಾಠ ದೀಕ್ಷಾಸ್ನಾನ. ಗ್ರಹಚಾರ ನೋಡಿ. ಸಾವಿನ ಅಪಾಯ ಇದ್ದಾಗ ಗುರುಗಳೇ ಬೇಕಿಲ್ಲ, ಯಾರು ಬೇಕಾದರೂ ಕೊಡಬಹುದು, ಮಾಮೂಲಿ ನೀರು ಸಾಕು ಎಂದು ಪ್ರತಿ ವರ್ಷ ಕಂಠಪಾಠ ಮಾಡಿಸುವವಳು ನಾನೇ. ರಾತ್ರಿಯ ಹೊತ್ತು ಯೇಸುವನ್ನು ಹುಡುಕಿಕೊಂಡು ಬಂದ ನಿಕೊದೇಮನ ಕತೆ ಹೇಳಿದೆ. ನೀರಿನಿಂದಲೂ ಆತ್ಮದಿಂದಲೂ ಮತ್ತೆ ಹುಟ್ಟಬೇಕು. ಮುಂದಿನ ಬೆಂಚಿನ ಹುಡುಗಿ ಕೈ ಎತ್ತಿದಳು. "ಟೀಚರ್, ಪಾಪುವಿನ ಅಪ್ಪ ಅಮ್ಮ ಬೇಡ ಅಂದ್ರೆ?" ಟೈಮಾಯಿತು ಎಂದು ಪುಸ್ತಕ ಮುಚ್ಚಿದೆ. ಆಗಿರಲಿಲ್ಲ.

ಫಾದರ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಬೆಚ್ಚಿಬೀಳುತ್ತಾರೆ, ಅಮ್ಮನನ್ನು ಕರೆಸಿ ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಒರೆಸುತ್ತಾ ಕುಳಿತರು.

"ಧರ್ಮಸಭೆಯ ಕಾನೂನಿನಲ್ಲಿ ಅದಕ್ಕೆ ಅವಕಾಶ ಇದೆಯಮ್ಮ. ಸಾಯೋ ಸ್ಥಿತಿಯಲ್ಲಿರೋ ಮಗುವಿಗೆ, ತಂದೆ ತಾಯಿ ಒಪ್ಪದಿದ್ರೂ."

"ಅಂದ್ರೆ ತಪ್ಪಲ್ವಾ?"

"ಕಾನೂನಿನ ಪ್ರಕಾರ ಅಲ್ಲ." ಕನ್ನಡಕ ಹಾಕಿಕೊಂಡರು. "ಆದ್ರೆ ಆ ಮಗುವಿನ ತಾಯಿ ಮುಂದೆ ನಿಂತು ಈ ಮಾತು ಹೇಳಿ ಅಂದ್ರೆ ನನ್ನ ಕೈಲಿ ಆಗಲ್ಲ."

ದೀಕ್ಷೆಯಿಲ್ಲದೆ ಸತ್ತ ಮಕ್ಕಳು ದೇವರ ಮುಖ ಕಾಣದ ಜಾಗದಲ್ಲೇ ಇರುತ್ತಾರಲ್ಲ, ಅಮ್ಮ ಅದಕ್ಕೇ ಹೆದರಿದ್ದು ಎಂದೆ. "ಈಗ ನಾವು ಹಾಗೆ ಕಲಿಸಲ್ಲ. ಅಂಥ ಮಕ್ಕಳನ್ನ ದೇವರ ಕರುಣೆಗೆ ಒಪ್ಪಿಸ್ತೀವಿ" ಎಂದರು. ಈಗ ಅಂದರೆ ಯಾವಾಗಿನಿಂದ? ನನಗೆ ಯಾರೂ ಹೇಳಲಿಲ್ಲ. ಅಮ್ಮನಿಗಂತೂ ಹೇಳಿಯೇ ಇಲ್ಲ.

ಗರ ಬಡಿದವಳಂತೆ ಮನೆಗೆ ಬಂದೆ. ಬೈದುಬಿಟ್ಟಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಜುಲೈ 8, ಸೋಮವಾರ

ಗುಂಡುಸೂಜಿಯ ಮೈ ಬಣ್ಣ ಬದಲಾಗಿದೆ. ಉಸಿರು ಮತ್ತೆ ಮತ್ತೆ ನಿಲ್ಲುತ್ತಿದೆ. ಸೋಂಕು.

ಡಾಕ್ಟರ್ ಮೇಡಂ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೇಳಿದರು. ಹೊರಗಿನವರು ಯಾರಾದ್ರೂ ಮುಟ್ಟಿದ್ರಾ? ಹೊರಗಿನದು ಏನಾದ್ರೂ ಪೆಟ್ಟಿಗೆಯೊಳಗೆ ಹೋಯ್ತಾ?

ಇಲ್ಲ ಎಂದೆ. ಎಲ್ಲರಿಗಿಂತ ಮೊದಲು ನಾನೇ ಅಂದೆ.

ಜುಲೈ 9, ಮಂಗಳವಾರ

ಬೆಳಿಗ್ಗೆ ಡ್ಯೂಟಿ ಶುರುವಾಗುವ ಮುಂಚೆಯೇ ಮೇಡಂ ಕೋಣೆಗೆ ಹೋಗಿ ಹೇಳಿಬಿಟ್ಟೆ. ಯಾವ ನೀರು, ಎಲ್ಲಿ ಬಿತ್ತು, ಎಲ್ಲ. ಎಷ್ಟು ದಿನದ ನೀರು ಎಂದು ಮಾತ್ರ ನನಗೆ ಗೊತ್ತಿರಲಿಲ್ಲ. ಮೇಡಂ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು.

"ನೀವಾ?" ಎಂದರು. ಅಷ್ಟೇ. ಆ ಒಂದು ಮಾತಿಗೆ ನಾನು ನೆಲಕ್ಕಿಳಿದು ಹೋದೆ.

ಔಷಧಿ ಬದಲಾಯಿಸಿದರು. ನಾನು ತಂದಿದ್ದ ಸೀಸೆಯ ನೀರನ್ನು ಲ್ಯಾಬಿಗೆ ಕಳಿಸಿದರು. ನನ್ನನ್ನು ಹೊರರೋಗಿಗಳ ಇಂಜೆಕ್ಷನ್ ಕೋಣೆಗೆ ಹಾಕಿದರು. ಮಗುವಿನ ಮನೆಯವರಿಗೆ ನೀವೇ ಹೇಳ್ತೀರೋ, ನಾನು ಹೇಳಲೋ ಎಂದು ಕೇಳಿದರು. ನಾನೇ ಹೇಳ್ತೀನಿ ಮೇಡಂ, ಒಂದು ದಿನ ಕೊಡಿ ಎಂದೆ.

ಮನೆಯಲ್ಲಿ ಬೈಬಲಿನ ಶುಭಸಂದೇಶ ತೆಗೆದೆ, ಎಲ್ಲಾದರೂ ನಾನು ಹಿಡಿದುಕೊಳ್ಳುವಂಥ ಒಂದು ಮಾತು ಸಿಗುತ್ತದೆಯೋ ಎಂದು. ಪುಟ ಮುಂದಕ್ಕೆ ಸರಿದು ಯೇಸುವಿನ ಶಿಷ್ಯ ಪೇತ್ರನು ಪರಧರ್ಮದ ಶತಾಧಿಪತಿಯ ಮನೆಗೆ ಹೋದ ಕತೆ ಬಂತು. ಎಷ್ಟು ಸಲ ಪೀಠದಿಂದ ಓದಿದ್ದೇನೆ ಅದನ್ನು. ಪೇತ್ರ ಇನ್ನೂ ಮಾತಾಡುತ್ತಿರುವಾಗಲೇ ಆ ಮನೆಯವರ ಮೇಲೆ ಪವಿತ್ರಾತ್ಮ ಇಳಿದುಬಿಡುತ್ತದೆ. ನೀರು ಬರುವುದು ಆಮೇಲೆ. ಪೇತ್ರನ ಜೊತೆ ಬಂದವರು ಕಕ್ಕಾಬಿಕ್ಕಿಯಾಗಿ ನಿಲ್ಲುತ್ತಾರೆ. ಇಷ್ಟು ದಿನ ಓದುವಾಗ ನಾನು ಸದಾ ಆ ಮನೆಯವರಿಗೆ ನೀರು ಸಿಕ್ಕಿತಲ್ಲ ಎಂದು ಸಂತೋಷಪಡುತ್ತಿದ್ದೆ. ಇವತ್ತು ಹೊಸ್ತಿಲಲ್ಲಿ ಬಾಯಿ ಬಿಟ್ಟುಕೊಂಡು ನಿಂತವರ ಜೊತೆ ನಾನೂ ನಿಂತೆ. ದೇವರು ಅವರಿಗಿಂತ ಮೊದಲೇ ಆ ಮನೆಯೊಳಗಿದ್ದ.

ಜುಲೈ 10, ಬುಧವಾರ

ಹೇಳಿದೆ.

ಗೋಡೆ ಮಧ್ಯಾಹ್ನ ಆಸ್ಪತ್ರೆಯಿಂದ ಬಂದು ಯಾರದೋ ರವಿಕೆ ಮುಗಿಸುತ್ತಿದ್ದಳು. ಹೊಲಿಗೆ ಯಂತ್ರದ ಎದುರಿನ ಸ್ಟೂಲಿನ ಮೇಲೆ ಕುಳಿತು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವಳಿಗೆ ಮೊದಲು ಅರ್ಥವಾಗಲಿಲ್ಲ. "ನೀರಾ? ನೀರು ಹಾಕಿದ್ರೆ ಏನಾಗುತ್ತೆ?" ಎಂದಳು. ವಿವರಿಸಿದೆ. ಮಗು ನಮ್ಮದಾಗುತ್ತೆ ಅಂತ ನಂಬಿಕೆ ಎಂದೆ. ಸೋಂಕು ಅದರಿಂದಲೇ ಬಂತೋ ಗೊತ್ತಿಲ್ಲ, ಬಂದಿದ್ದರೂ ಬಂದಿರಬಹುದು ಎಂದೆ. ಅವಳ ಕೈ ಬಟ್ಟೆಯ ಮೇಲೆಯೇ ನಿಂತಿತ್ತು. ಕೂಗಾಡುತ್ತಾಳೆ ಎಂದು ಮೈ ಬಿಗಿಹಿಡಿದು ಕಾದೆ.

"ನಮ್ಮ ಮನೆಯವರು ಬಾಂಗು ಹೇಳ್ತೀನಿ ಅಂದ್ರು. ನೀನು ಬೋರ್ಡು ತೋರಿಸ್ದೆ" ಎಂದಳು. ಮೆಲ್ಲಗೇ ಹೇಳಿದಳು. "ನಿಮ್ಮಮ್ಮ ಆ ಬೋರ್ಡಿನ ಕೆಳಗೇ ಒಳಗೆ ಹೋದ್ರು. ನಾನು ಹೊರಗೆ ಕೂತು ಕೈ ಬೀಸಿದೆ."

ದೇವರಾಣೆ, ಆ ಗಳಿಗೆಯವರೆಗೂ ಅದು ನನಗೆ ಹೊಳೆದೇ ಇರಲಿಲ್ಲ. ಭಾಯಿ ಹೊರಗಿನವರು, ಅಮ್ಮ ನಮ್ಮವಳು. ಅದು ರೂಲ್ಸು ಎಂದೇ ನಾನು ತಿಳಿದಿದ್ದೆ.

"ನಿಮ್ಮಮ್ಮ ನಮ್ಮನೇಲಿ ಎಷ್ಟು ಸಲ ಊಟ ಮಾಡಿದ್ದಾರೆ. ನನ್ನ ಮಕ್ಕಳಿಗೆ ಸ್ನಾನ ಮಾಡ್ಸಿದ್ದಾರೆ. ಆಗೆಲ್ಲ ನಮ್ಮನ್ನ ನೋಡಿ, ಪಾಪ ಇವರೆಲ್ಲ ದೇವರಿಗೆ ಬೇಡದವರು ಅಂತ ಅಂದ್ಕೋತಿದ್ರಾ?"

"ಹಾಗಲ್ಲ ಗೋಡೆ..."

"ಅವರ ವಿಷಯ ಬಿಡು, ವಯಸ್ಸಾದವರು. ನೀನು ಹೇಳು. ನನ್ನ ಮೊಮ್ಮಗಳು ಇವತ್ತು ಹೋಗ್ಬಿಟ್ರೆ ಎಲ್ಲಿಗೆ ಹೋಗ್ತಾಳೆ? ನಿನ್ನ ಮನಸ್ಸಲ್ಲಿ ಇರೋದು ಹೇಳು."

ಕಲಿತದ್ದೆಲ್ಲ ನಾಲಿಗೆಯ ತುದಿಗೆ ಬಂತು, ಒಂದೂ ಅವಳ ಮುಖಕ್ಕೆ ಹೇಳುವಂಥದ್ದಲ್ಲ. ನನ್ನ ಸ್ವಂತದ್ದು ಎಂದು ಒಂದು ಉತ್ತರವಾದರೂ ಇದೆಯೇ ಎಂದು ಹುಡುಕಿದರೆ ಖಾಲಿ. ಅವಳು ಸ್ವಲ್ಪ ಕಾದು ನೋಡಿದಳು. ಆಮೇಲೆ ಯಂತ್ರ ತುಳಿಯತೊಡಗಿದಳು. ಎದ್ದು ಬಂದೆ.

ಜುಲೈ 14, ಭಾನುವಾರ

ಗೋಡೆ ತಟ್ಟುವ ಸದ್ದಿಲ್ಲ. ಯಂತ್ರದ ಸದ್ದು ಕೇಳುತ್ತದೆ, ನಲ್ಲಿಯ ಸದ್ದು ಕೇಳುತ್ತದೆ.

ಲ್ಯಾಬಿನಿಂದ ವರದಿ ಬಂತು. ಸೀಸೆಯ ನೀರಿನಲ್ಲಿ ಯಾವ ಕ್ರಿಮಿಯೂ ಬೆಳೆಯಲಿಲ್ಲ. ಸೋಂಕು ರಕ್ತನಾಳಕ್ಕೆ ಹಾಕಿದ್ದ ಕೊಳವೆಯಿಂದ ಬಂದಿರಬೇಕು ಎಂದರು ಮೇಡಂ. ಇಂಥ ಮಕ್ಕಳಲ್ಲಿ ಅದು ಆಗುತ್ತಿರುತ್ತದೆ. ಅಮ್ಮನಿಗೆ ಹೇಳಿದೆ, "ಮತ್ತೆ? ನಾನು ಕುದಿಸಿದ ನೀರೇ ಹಾಕೋದು" ಎಂದು ನನ್ನ ಮೇಲೆಯೇ ರೇಗಿದಳು. ನೀರಿನಿಂದ ಸೋಂಕು ಬರಲಿಲ್ಲ, ಸರಿ. ಹಾಕಿದ್ದು ಹಾಕಿದ್ದೇ ಅಲ್ಲವೇ. ನನಗೆ ಬರಬೇಕಾದ ನೆಮ್ಮದಿ ಬರಲಿಲ್ಲ.

ಬಲಿಪೂಜೆ ಮುಗಿಸಿ ವಾರ್ಡಿನ ಕಡೆ ಹೋದೆ. ಒಳಗೆ ಹೋಗುವ ಹಾಗಿಲ್ಲ, ಗಾಜಿನ ಹೊರಗೆ ನಿಂತೆ. ಮೇಡಂ ಭಾಯಿಗೆ ಅನುಮತಿ ಕೊಟ್ಟಿದ್ದರು. ಅವರು ಮೊಣಕೈವರೆಗೆ ತೋಳು ಮಡಿಸಿ, ಬೆರಳುಗಳ ಸಂದು ಸಂದಿಗೆ ಸೋಪು ಹಚ್ಚಿ, ನಿಧಾನವಾಗಿ ತೊಳೆದುಕೊಂಡರು. ನಮಾಜಿಗೆಂದು ದಿನಕ್ಕೆ ಐದು ಸಲ ತೊಳೆದು ಅಭ್ಯಾಸ. ಆಮೇಲೆ ಕಿಂಡಿಯ ಹತ್ತಿರ ಬಾಗಿ ಬಾಯಿ ತಂದರು. ಗಾಜಿನಾಚೆಗೆ ಏನೂ ಕೇಳಿಸಲಿಲ್ಲ. ಆದರೆ ಆ ಮಾತುಗಳು ನನಗೆ ಗೊತ್ತು, ಮಸೀದಿಯಿಂದ ಬರುವುದನ್ನು ಹುಟ್ಟಿದಾಗಿನಿಂದ ಕಿಟಕಿಯಲ್ಲಿ ಕೇಳಿದ್ದೇನೆ. ದೇವರು ದೊಡ್ಡವನು, ದೇವರು ದೊಡ್ಡವನು. ಅವರ ತುಟಿಯ ಜೊತೆಗೇ ನನ್ನ ಮನಸ್ಸೂ ಓಡುತ್ತಿತ್ತು. ದೇವರೇ, ಇವಳನ್ನು ಉಳಿಸು ಎಂದು ಬೇಡಿಕೊಂಡೆ.

ಭಾಯಿ ಹೊರಬಂದಾಗ ನನ್ನನ್ನು ನೋಡಿದರು. ತಲೆ ಬಗ್ಗಿಸಿದೆ. "ಊಟ ಆಯ್ತಾ ತಂಗಿ" ಎಂದು ಕೇಳಿ ಹೋದರು.

ಜುಲೈ 19, ಶುಕ್ರವಾರ

ಗುಂಡುಸೂಜಿ ತಾನಾಗಿ ಉಸಿರಾಡುತ್ತಿದ್ದಾಳೆ! ನನ್ನ ಕಪಿಗಳಲ್ಲೊಬ್ಬಳು ಇಂಜೆಕ್ಷನ್ ಕೋಣೆಗೆ ಓಡಿಬಂದು ಹೇಳಿ ಹೋದಳು. ಸೂಜಿ ಹಿಡಿದ ಕೈಯಲ್ಲೇ ಅತ್ತುಬಿಟ್ಟೆ. ತೋಳು ಚಾಚಿ ಕುಳಿತಿದ್ದ ಮುದುಕ ಹೆದರಿ ಎದ್ದು ನಿಂತ.

ಆ ಸಂತೋಷದಲ್ಲೇ ಮನೆಗೆ ಬಂದು, ಇನ್ನಾದರೂ ಅಮ್ಮನಿಗೆ ಬುದ್ಧಿ ಹೇಳೋಣ ಎಂದು ಕುಳಿತೆ. ಫಾದರ್ ಹೇಳಿದ್ದನ್ನು ಹೇಳಿದೆ. "ದೀಕ್ಷೆ ಇಲ್ದೆ ಹೋದ ಮಕ್ಕಳು ದೇವರ ಮುಖ ಕಾಣಲ್ಲ ಅಂತ ಈಗ ಯಾರೂ ಕಲಿಸಲ್ಲ ಅಮ್ಮ. ದೇವರ ಕರುಣೆಗೆ ಒಪ್ಪಿಸ್ತಾರಂತೆ. ನೀನು ಸುಮ್ನೆ ಹೆದರಿದ್ದೀಯ."

ಅಮ್ಮ ಜಪಸರ ಹಿಡಿದಿದ್ದಳು. ಮಣಿ ಅಲ್ಲೇ ನಿಂತಿತು.

"ಹ್ಞಾಂ?"

ಮತ್ತೆ ಹೇಳಿದೆ.

"ಹಾಗಾದ್ರೆ ನನ್ನ ಮಗ?" ಎಂದಳು.

ನನಗೆ ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ಒಬ್ಬಳೇ ಮಗಳು ಎಂದೇ ಬೆಳೆದವಳು. ವಯಸ್ಸಿನ ಮರೆವು ಶುರುವಾಯಿತೇನೋ ಎಂದು ಭಯವಾಗಿ ಅವಳ ಭುಜ ಹಿಡಿದೆ. ಅಮ್ಮ ನನ್ನ ಕೈ ಸರಿಸಿದಳು.

ನನಗಿಂತ ಮುಂಚೆ ಒಬ್ಬ ಹುಟ್ಟಿದ್ದನಂತೆ. ಮನೆಯಲ್ಲೇ, ದಿನ ತುಂಬದೆ. ಅತ್ತನಂತೆ, ಮೂರು ನಾಲ್ಕು ಸಲ. ಅಪ್ಪ ಗುರುಗಳನ್ನು ಕರೆತರಲು ಓಡಿದರು. ಅವರು ಬರುವ ಹೊತ್ತಿಗೆ ತಣ್ಣಗಾಗಿದ್ದ. ಆಗಿನ್ನೂ ಅಮ್ಮ ನರ್ಸಲ್ಲ, ಏನೂ ತಿಳಿಯದ ಹುಡುಗಿ. "ಚೊಂಬಲ್ಲಿ ನೀರು ಪಕ್ಕದಲ್ಲೇ ಇತ್ತು ಕಣೇ. ನಾನೇ ಹಾಕ್ಬಹುದು ಅಂತ ಯಾರೂ ಹೇಳಿರಲಿಲ್ಲ." ದೀಕ್ಷೆಯಾಗದ ಮಗುವಿಗೆ ನಮ್ಮ ಸ್ಮಶಾನದಲ್ಲಿ ಜಾಗವಿಲ್ಲ ಎಂದರಂತೆ ಆಗಿನ ಗುರುಗಳು. ಅಪ್ಪ ಮಗುವನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಗೆ ಹೋದರು, ಬರಿಗೈಯಲ್ಲಿ ಬಂದರು.

"ಎಲ್ಲಿ ಮಣ್ಣು ಮಾಡಿದ್ರು?"

"ಅವರು ಹೇಳಲಿಲ್ಲ. ನಾನು ಕೇಳಲಿಲ್ಲ. ಯಾವುದೋ ಬೇಲಿ ಸಾಲಲ್ಲಿ ಅಂತ ಅಂದ್ಕೊಂಡು ಬಿಟ್ಟೆ. ಎಲ್ಲಾದ್ರೇನು, ದೇವರೇ ನೋಡಲ್ಲ ಅಂದ ಮೇಲೆ." ಆಮೇಲೆ ನನ್ನ ಮುಖ ನೋಡದೆ ಕೇಳಿದಳು. "ಆಗ್ಲೂ ಕರುಣೆ ಇತ್ತಾ? ಅಥವಾ ಈಗ ಬಂತಾ?"

ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಕೇಳಲು ಯಾರೂ ಉಳಿದಿಲ್ಲ. ಈಗ ನನಗೆ ಅಮ್ಮನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗುತ್ತಿಲ್ಲ. ಸಿಟ್ಟು ಇಲ್ಲ ಅಂತಲೂ ಅಲ್ಲ.

ಜುಲೈ 21, ಭಾನುವಾರ

ಇವತ್ತು ನಡೆದದ್ದನ್ನು ಮರೆಯುವ ಮುಂಚೆ ಬರೆದಿಡಬೇಕು. ಮರೆಯುವಂಥದ್ದೂ ಅಲ್ಲ.

ಬೆಳಿಗ್ಗೆ ಗೋಡೆಯ ಮನೆಗೆ ಹೋದೆ. ಬಾಗಿಲು ತೆಗೆದು ದಾರಿ ಬಿಟ್ಟಳು. ಸ್ಟೂಲಿನ ಮೇಲಿದ್ದ ಬಟ್ಟೆ ಎತ್ತಿ ಪಕ್ಕಕ್ಕಿಟ್ಟಳು, ಕೂರು ಎಂದು. ಕುಳಿತೆ.

"ನೀನು ಕೇಳಿದ್ದಕ್ಕೆ ಉತ್ತರ ಹೇಳೋಕೆ ಬಂದೆ" ಎಂದೆ. "ನಿನ್ನ ಮೊಮ್ಮಗಳು ಎಲ್ಲಿಂದ ಬಂದ್ಲೋ ಅಲ್ಲಿಗೇ ಹೋಗ್ತಿದ್ಲು. ನೀರು ಬಿದ್ರೂ, ಬೀಳದಿದ್ರೂ. ಇಷ್ಟೇ ನನಗೆ ಗೊತ್ತಿರೋದು. ಅವತ್ತೇ ಹೇಳ್ಬೇಕಿತ್ತು, ಬಾಯಿ ಬರಲಿಲ್ಲ."

ಅಮ್ಮನನ್ನು ಕ್ಷಮಿಸು ಎಂದು ಕೇಳಲು ನಾನು ಬಂದಿರಲಿಲ್ಲ, ಆದರೆ ಅಮ್ಮ ಯಾಕೆ ಹಾಗಾದಳು ಎಂದು ಅವಳಿಗೆ ತಿಳಿದಿರಲಿ ಎಂದು ಆ ಮಗುವಿನ ಕತೆ ಹೇಳಿದೆ. ಅಪ್ಪ ಬರಿಗೈಯಲ್ಲಿ ವಾಪಸು ಬಂದದ್ದನ್ನು ಹೇಳುವಾಗ ಗೋಡೆ ಸೆರಗು ಬಾಯಿಗೆ ಒತ್ತಿಕೊಂಡಳು.

ಒಳಕೋಣೆಯಲ್ಲಿ ಭಾಯಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾರದೋ ಕೈಗಡಿಯಾರ ಬಿಚ್ಚಿ ಕುಳಿತಿದ್ದರು. ಅಲ್ಲಿಂದ ಚಿಮಟ ಕೆಳಗೆ ಬಿದ್ದ ಸದ್ದಾಯಿತು. ಹೊರಗೆ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತರು. ಮೇಲೆ ಸರಿಸಿದ ಭೂತಗನ್ನಡಿ ಇನ್ನೂ ಹಣೆಯ ಮೇಲೇ ಇತ್ತು.

"ತಂಗಿ, ಅಮ್ಮ ಮನೇಲಿದ್ದಾರಾ?"

ಬೈಯಲು ಹೊರಟರು ಎಂದುಕೊಂಡೆ. ಗೋಡೆಯೂ ಹಾಗೇ ಅಂದುಕೊಂಡಳು, "ರೀ, ಬೇಡ ರೀ" ಎಂದು ಹಿಂದೆಯೇ ಬಂದಳು. ಅವರು ನಮ್ಮ ಮನೆಯೊಳಗೆ ಬಂದು ಅಮ್ಮನ ಮಂಚದ ಹತ್ತಿರ ನೆಲದ ಮೇಲೇ ಕುಳಿತರು. ಅಮ್ಮ ಗಾಬರಿಯಿಂದ ಸೆರಗು ಸರಿಮಾಡಿಕೊಂಡಳು.

"ಏನಪ್ಪಾ?"

"ಅಮ್ಮಾ, ಒಂದು ಮಾತು ಕೊಟ್ಟಿದ್ದೆ, ಇವತ್ತು ಮುರೀತಾ ಇದ್ದೀನಿ. ನಮ್ಮಪ್ಪ ಸಾಯೋ ಮುಂಚೆ ನನ್ನನ್ನ ಕರ್ಕೊಂಡು ಹೋಗಿ ಒಂದು ಜಾಗ ತೋರಿಸಿದ್ರು. ನಮ್ಮ ಖಬರಸ್ಥಾನದಲ್ಲಿ. ನಮ್ಮಜ್ಜಿ ಪಕ್ಕದಲ್ಲಿ ಒಂದು ಪುಟ್ಟ ಗೋರಿ ಇದೆ. ಪಕ್ಕದ ಮನೆಯವರ ಮಗು ಅಂದ್ರು."

ಗೋಡೆಗೂ ಇದು ಗೊತ್ತಿರಲಿಲ್ಲ, ಅವಳ ಮುಖ ನೋಡಿದರೆ ತಿಳಿಯುತ್ತಿತ್ತು.

ಭಾಯಿ ನಿಧಾನವಾಗಿ ಹೇಳಿದರು. ಆ ದಿನ ಅವರಪ್ಪ ಅಂಗಡಿಯಿಂದ ಬರುವಾಗ, ನಮ್ಮಪ್ಪ ಇಗರ್ಜಿಯ ಸ್ಮಶಾನದ ಗೇಟಿನ ಹೊರಗೆ ಟವೆಲಿನ ಗಂಟು ಹಿಡಿದು ನಿಂತಿದ್ದರಂತೆ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಭಾಯಿಯ ಅಪ್ಪ ಏನೂ ಕೇಳದೆ ತೋಳು ಹಿಡಿದು ತಮ್ಮ ಖಬರಸ್ಥಾನಕ್ಕೆ ಕರೆದುಕೊಂಡು ಹೋದರಂತೆ. ಅಲ್ಲಿ ಗುಂಡಿ ತೋಡುವವನು ಇದು ಯಾರ ಮಗು ಎಂದು ಕೇಳಿದ. ಮಗು ಎಂದರಂತೆ ಅವರಪ್ಪ. ಅವನು ಮತ್ತೆ ಕೇಳಿದ, ಅವರು ಮತ್ತೆ ಅಷ್ಟೇ ಹೇಳಿದರು.

"ನಮ್ಮಲ್ಲಿ ಹುಟ್ಟೋ ಮಕ್ಕಳೆಲ್ಲ ದೇವರವೇ ಅಂತಾರೆ ಅಮ್ಮ. ಯಾರ ಮನೇಲಿ ಹುಟ್ಟಿದ್ರೂ. ನಮ್ಮಪ್ಪನೂ ನಿಮ್ಮನೆಯವರೂ ಸೇರಿ ಮಣ್ಣು ಹಾಕಿದ್ರಂತೆ. ನನ್ನ ಹೆಂಡತಿಗೆ ಮಾತ್ರ ಹೇಳ್ಬೇಡಿ, ನಮ್ಮವರ ಮಧ್ಯೆ ಇಲ್ಲ ಅಂತ ಗೊತ್ತಾದ್ರೆ ಎದೆ ಒಡೆದು ಹೋಗ್ತಾಳೆ ಅಂತ ನಿಮ್ಮನೆಯವರು ಮಾತು ತಗೊಂಡ್ರಂತೆ. ಅಪ್ಪ ನನಗೆ ಹೇಳಿದ್ದು ಇಷ್ಟೇ, ತೀರಿಹೋದ ನಮ್ಮವರಿಗೆ ದುವಾ ಮಾಡುವಾಗ ಅವನನ್ನ ಬಿಡಬೇಡ. ನಾನು ಒಂದು ಸಲವೂ ಬಿಟ್ಟಿಲ್ಲ ಅಮ್ಮ."

ನಾನು ಎರಡು ಮನೆಗಳ ನಡುಗೋಡೆಗೆ ಒರಗಿದೆ. ನಾವು ಹೊರಗೆ ಹಾಕಿದ ಮಗುವಿಗೆ ಇವರು ತಮ್ಮ ಅಜ್ಜಿಯ ಮಗ್ಗುಲು ಬಿಟ್ಟುಕೊಟ್ಟಿದ್ದಾರೆ. ನಾನು ಹುಟ್ಟುವುದಕ್ಕೂ ಮುಂಚೆ. ಇತ್ತ ನಾವು ಇವರ ಮಕ್ಕಳಿಗೆ ಜಾಗ ಕೊಡಿಸಲು ಕದ್ದು ನೀರು ಹಾಕುತ್ತಿದ್ದೆವು.

ಅಮ್ಮನ ಕಡೆ ನೋಡಲು ಭಯವಾಯಿತು. ಅಪ್ಪ ಹೆದರಿದ್ದೇ ಆಗುತ್ತದೆ, ಎದೆ ಒಡೆಯುತ್ತದೆ ಎಂದುಕೊಂಡೆ. ಅಮ್ಮ ಅಳಲಿಲ್ಲ. ಭಾಯಿಯ ಮುಖವನ್ನು ಬಹಳ ಹೊತ್ತು ನೋಡಿದಳು, ಅದರಲ್ಲಿ ಅವರಪ್ಪನ ಮುಖ ಹುಡುಕುತ್ತಿದ್ದಳೋ ಏನೋ. ಕೈ ಚಾಚಿ ಅವರ ಹಣೆಯ ಮೇಲಿದ್ದ ಭೂತಗನ್ನಡಿಯನ್ನು ಬಿಡಿಸಿ ಅವರ ಅಂಗೈಯಲ್ಲಿಟ್ಟಳು.

"ಮಳೆ ಬಂದ್ರೆ ಅಲ್ಲಿ ನೀರು ನಿಲ್ಲುತ್ತೇನಪ್ಪಾ?" ಎಂದು ಕೇಳಿದಳು.

"ಇಲ್ಲಮ್ಮ" ಎಂದರು ಭಾಯಿ. "ಎತ್ತರದ ಜಾಗ."